ಓದುಗರ ಪ್ರಶ್ನೆ, ನಮ್ಮ ಉತ್ತರ: ಹಡ್ಸನ್ ಸರ್ಕಲ್ಲಿನ ಕಲ್ಲಿನ ಚರ್ಚು ಯಾರದ್ದು?

ಹೋದ ತಿಂಗಳು ಇದೇ ಪುಟದಲ್ಲಿ ಪೇಟೆ ಬೀದಿಗಳ ಬಗ್ಗೆ ಬರೆದಿದ್ದೆ. ಕೊನೆಯಲ್ಲಿ ಒಂದು ಸಾಲು ಸೇರಿಸಿದ್ದೆ. ಅವೆನ್ಯೂ ರೋಡು ದಾಟಿ ಹಡ್ಸನ್ ಸರ್ಕಲ್ಲಿನ ಕಲ್ಲಿನ ಚರ್ಚಿನ ಮುಂದೆ ನಿಂತರೆ ಪೇಟೆ ಮುಗಿದು ಬ್ರಿಟಿಷರ ಊರು ಶುರುವಾದ ಹಾಗಿರುತ್ತದೆ ಅಂತ. ಆ ಒಂದು ಸಾಲಿಗೆ ಬಂದಷ್ಟು ಪತ್ರ ಉಳಿದ ಲೇಖನಕ್ಕೆಲ್ಲ ಸೇರಿ ಬಂದಿಲ್ಲ. ಅದಕ್ಕೇ ಈ ಸಲದ ಪುಟ ಪೂರ್ತಿ ಬೆಂಗಳೂರಿನ ಹಳೇ ಪ್ರಾಟೆಸ್ಟೆಂಟ್ ಚರ್ಚುಗಳಿಗೆ.

ಪ್ರಶ್ನೆ: ಸಾರ್, ಹಡ್ಸನ್ ಚರ್ಚು ಬ್ರಿಟಿಷರ ಊರಿನದು ಅಂತ ಹೇಗೆ ಬರೆದಿರಿ? ನಮ್ಮ ತಾತನ ಕಾಲದಿಂದ ನಾವು ಅಲ್ಲಿಗೆ ಹೋಗುತ್ತಿದ್ದೇವೆ. ಅಲ್ಲಿ ಆರಾಧನೆ ನಡೆಯುವುದೇ ಕನ್ನಡದಲ್ಲಿ. ನಮ್ಮ ಮನೆಯಲ್ಲಿ ಯಾರಿಗೂ ಇಂಗ್ಲಿಷ್ ಸರಿಯಾಗಿ ಬರುತ್ತಿರಲಿಲ್ಲ. ಓದಿ ಬೇಜಾರಾಯಿತು.
(ಶಾಂತಿನಗರದ ಓದುಗರೊಬ್ಬರು)

ಉತ್ತರ: ನೀವು ಹೇಳಿದ್ದು ಸರಿ. ನಾನು ಬರೆದದ್ದು ತಪ್ಪು. ಕಟ್ಟಡದ ಆಕಾರ ನೋಡಿ ಅದರ ಒಳಗಿನ ಜನರನ್ನು ಮರೆತೆ.

ನಿಮ್ಮ ಪತ್ರ ಓದಿದ ಮಾರನೆಯ ದಿನ ಬೆಳಿಗ್ಗೆಯೇ ಹೋಗಿ ನೋಡಿದೆ. ಬಸ್ಸಿನಲ್ಲಿ ಈ ಜಾಗಕ್ಕೆ ಹಡ್ಸನ್ ಅನ್ನುವವರೇ ಕಮ್ಮಿ, ಕಂಡಕ್ಟರು ಕೂಗುವುದು "ಕಾರ್ಪೊರೇಷನ್, ಕಾರ್ಪೊರೇಷನ್" ಅಂತ. ಇಳಿದು ಆರೇಳು ದಿಕ್ಕಿನ ಗಾಡಿಗಳ ನಡುವೆ ರಸ್ತೆ ದಾಟಿ ಗೇಟಿನ ಒಳಗೆ ಕಾಲಿಟ್ಟರೆ ಸದ್ದು ಅರ್ಧ ಇಳಿಯುತ್ತದೆ. ಗೋಡೆಯ ಹತ್ತಿರ ಹೋಗಿ ಅಂಗೈ ಇಟ್ಟೆ. ಬೂದು ಬಣ್ಣದ ಕಲ್ಲು, ಬಿಸಿಲು ಏರಿದ್ದರೂ ತಣ್ಣಗಿತ್ತು. ಕಣ್ಣು ಹತ್ತಿರ ಇಟ್ಟು ನೋಡಿದರೆ ಚಾಣದ ಗುರುತುಗಳು ಕಾಣುತ್ತವೆ. ಒಂದು ಕಲ್ಲಿನ ಏಟು ಒಂದು ಕಡೆ ವಾಲಿದ್ದರೆ ಪಕ್ಕದ ಕಲ್ಲಿನದು ಇನ್ನೊಂದು ಕಡೆ. ಇಬ್ಬರು ಬೇರೆ ಬೇರೆ ಕೈಯವರು ಕುಟ್ಟಿದ್ದಾರೆ ಅಂತ ಗೊತ್ತಾಗುತ್ತೆ. ಒಳಗೆ ಯಾರೋ ಕೀರ್ತನೆ ಅಭ್ಯಾಸ ಮಾಡುತ್ತಿದ್ದರು, ಕನ್ನಡದಲ್ಲಿ. ಒಂದೇ ಸಾಲನ್ನು ನಾಲ್ಕು ಸಲ ಹಾಡಿದರು, ನಾಲ್ಕನೆಯ ಸಲ ಶ್ರುತಿ ಕೂಡಿತು. ನನ್ನ ತಪ್ಪು ನನಗೆ ಅಲ್ಲೇ ಅರ್ಥವಾಯಿತು.

ಈಗ ಇತಿಹಾಸಕ್ಕೆ ಬರೋಣ. ಬೆಂಗಳೂರು ಬಹಳ ಕಾಲ ಎರಡು ಊರಾಗಿತ್ತು. ಪೇಟೆ ಒಂದು, ದಂಡು ಇನ್ನೊಂದು. ಟಿಪ್ಪು ಸತ್ತ ಮೇಲೆ ಶ್ರೀರಂಗಪಟ್ಟಣದಲ್ಲಿದ್ದ ಕಂಪನಿ ಸೈನ್ಯಕ್ಕೆ ಅಲ್ಲಿನ ಹವೆ ಆಗಿಬರಲಿಲ್ಲ. 1809ರ ಹೊತ್ತಿಗೆ ಅದು ಇಲ್ಲಿಗೆ ಬಂದು ಹಲಸೂರಿನ ಕಡೆ ಬೀಡುಬಿಟ್ಟಿತು. ದಂಡು ಅಂತ ಜನ ಕರೆದದ್ದು ಅದನ್ನೇ, ಕಂಟೋನ್ಮೆಂಟ್ ರೈಲ್ವೆ ಸ್ಟೇಷನ್ನಿಗೆ ದಂಡು ಅನ್ನುವ ಹೆಸರು ಇನ್ನೂ ಉಳಿದಿದೆ. ಎರಡಕ್ಕೂ ಬೇರೆ ಬೇರೆ ಮುನಿಸಿಪಾಲಿಟಿ ಇತ್ತು. ಒಂದೇ ಕಾರ್ಪೊರೇಷನ್ ಆದದ್ದು 1949ರಲ್ಲಿ. ನಡುವೆ ಬೇಲಿಯ ಹಾಗೆ 1870ರಲ್ಲಿ ಕಬ್ಬನ್ ಪಾರ್ಕ್ ಎದ್ದಿತು. ಹಡ್ಸನ್ ಚರ್ಚು ನಿಂತಿರುವುದು ಆ ಪಾರ್ಕಿನ ಅಂಚಿನಲ್ಲಿ, ಪೇಟೆಯ ಮಗ್ಗುಲಲ್ಲಿ.

ದಂಡಿನ ಚರ್ಚುಗಳು ಸಿಪಾಯಿಗಳಿಗಾಗಿ ಬಂದವು. ಸೈನ್ಯ ಎಲ್ಲಿಗೆ ಹೋಗುತ್ತದೋ ಅಲ್ಲಿಗೆ ಅದರ ಪಾದ್ರಿಯೂ ಹೋಗಬೇಕು, ಭಾನುವಾರ ಸಾಲಾಗಿ ನಡೆದು ಬಂದು ಕೂರುವುದಕ್ಕೆ ಒಂದು ದೊಡ್ಡ ಕಟ್ಟಡ ಬೇಕು. ಎಂ.ಜಿ. ರೋಡಿನ ಸೇಂಟ್ ಮಾರ್ಕ್ಸ್, ಟ್ರಿನಿಟಿ ಸರ್ಕಲ್ಲಿನ ಹೋಲಿ ಟ್ರಿನಿಟಿ ಹೀಗೆ ಹುಟ್ಟಿದವು. ಪೇಟೆಯ ಕಡೆಯ ಕಥೆಯೇ ಬೇರೆ. ಅಲ್ಲಿ ಕೆಲಸ ಮಾಡಿದವರು ಮಿಷನರಿಗಳು. ಅವರ ಹಿಂದೆ ರೆಜಿಮೆಂಟ್ ಇರಲಿಲ್ಲ. ಪೇಟೆ ಜನರ ಹತ್ತಿರ ಮಾತಾಡಬೇಕಾದರೆ ಕನ್ನಡ ಕಲಿಯದೆ ಬೇರೆ ದಾರಿಯೇ ಇರಲಿಲ್ಲ. ಕಲಿತರು. ವ್ಯಾಕರಣ ಬರೆದರು, ಅಚ್ಚುಕೂಟ ಇಟ್ಟರು, ಶಾಲೆ ತೆರೆದರು. ಇವುಗಳ ಜೊತೆಗೇ ಬೆಳೆದದ್ದು ಕನ್ನಡ ಸಭೆ, ಅಂದರೆ ಕನ್ನಡ ಕ್ರೈಸ್ತರ ಬಳಗ. ಹಡ್ಸನ್ ಚರ್ಚು 1904ರಲ್ಲಿ ಎದ್ದಾಗ ಅದು ಇಂಗ್ಲೆಂಡಿನ ಮೆಥಡಿಸ್ಟ್ ಪಂಥದವರ ವೆಸ್ಲಿಯನ್ ಮಿಷನ್ನಿನ ಕನ್ನಡ ಸಭೆಯ ಮನೆಯಾಗಿತ್ತು. ಈಗಲೂ ಕನ್ನಡ ಸಭೆಯದ್ದೇ.

ಹಾಗಾಗಿ ನಿಮ್ಮ ತಾತ ಹೋಗುತ್ತಿದ್ದದ್ದು ಬ್ರಿಟಿಷರ ಊರಿಗಲ್ಲ, ತಮ್ಮ ಪೇಟೆಯ ಇನ್ನೊಂದು ಬೀದಿಗೆ. ಆ ಸಾಲನ್ನು ವಾಪಸ್ ತೆಗೆದುಕೊಂಡಿದ್ದೇನೆ. ಕ್ಷಮಿಸಿ.

ಪ್ರಶ್ನೆ: ಕನ್ನಡ ವ್ಯಾಕರಣ ಬರೆದ ಹಡ್ಸನ್ ಸಾಹೇಬರೇ ಈ ಚರ್ಚಿನ ಹಡ್ಸನ್ನಾ? ಮಕ್ಕಳಿಗೆ ಪಾಠ ಹೇಳುವಾಗ ಗೊಂದಲವಾಯಿತು.
(ತುಮಕೂರಿನ ಮೇಷ್ಟ್ರು)

ಉತ್ತರ: ಅಲ್ಲ ಮೇಷ್ಟ್ರೇ, ಇಬ್ಬರೂ ಬೇರೆ. ಇಬ್ಬರೂ ವೆಸ್ಲಿಯನ್ ಮಿಷನ್ನಿನವರೇ, ಕೆಲಸ ಮಾಡಿದ್ದು ಮೈಸೂರು ಸೀಮೆಯಲ್ಲೇ. ಅದಕ್ಕೆ ಗೊಂದಲ ಜಾಸ್ತಿ.

ವ್ಯಾಕರಣ ಬರೆದವರು ಥಾಮಸ್ ಹಾಡ್ಸನ್. ಅವರ ವ್ಯಾಕರಣ 1859ರಲ್ಲಿ ಬೆಂಗಳೂರಿನ ವೆಸ್ಲಿಯನ್ ಮಿಷನ್ ಪ್ರೆಸ್ಸಿನಲ್ಲಿ ಅಚ್ಚಾಯಿತು. ನಿಮ್ಮ ಜಿಲ್ಲೆಯ ಗುಬ್ಬಿಗೂ ಅವರಿಗೂ ನಂಟಿದೆ, ಅಲ್ಲಿ ಇದ್ದು ಕೆಲಸ ಮಾಡಿದವರು. ಚರ್ಚಿಗೆ ಹೆಸರಾದವರು ಜೊಸಾಯ ಹಡ್ಸನ್. ಅವರು ಶಾಲೆಗಳ ಮನುಷ್ಯ. ಕನ್ನಡದಲ್ಲಿ ಓದು ಬರಹ ಕಲಿಸುವುದಕ್ಕೆ ಜೀವ ತೇಯ್ದವರು. ಅವರು ತೀರಿಕೊಂಡ ಮೇಲೆ ಅವರ ನೆನಪಿಗೆ ಚರ್ಚು ಬಂತು, ಚರ್ಚಿನಿಂದ ಸರ್ಕಲ್ಲಿಗೂ ಹೆಸರು ಬಂತು.

ಅಚ್ಚುಕೂಟದ ಮಾತು ಬಂತಲ್ಲ, ಇನ್ನೊಂದು ವಿಷಯವನ್ನೂ ಮಕ್ಕಳಿಗೆ ಹೇಳಿ. ಅದನ್ನು ನಡೆಸುತ್ತಿದ್ದ ಜಾನ್ ಗ್ಯಾರೆಟ್ ಅನ್ನುವ ಪಾದ್ರಿ 1849ರಲ್ಲಿ ಭಗವದ್ಗೀತೆಯನ್ನು ಸಂಸ್ಕೃತ, ಕನ್ನಡ, ಇಂಗ್ಲಿಷ್ ಮೂರೂ ಸೇರಿಸಿ ಇಲ್ಲೇ ಅಚ್ಚು ಹಾಕಿಸಿದರು. 1858ರಲ್ಲಿ ಶುರುವಾದ ಬೆಂಗಳೂರಿನ ಹೈಸ್ಕೂಲಿಗೆ ಮುಖ್ಯಸ್ಥರಾದವರೂ ಅವರೇ. ಆ ಹೈಸ್ಕೂಲೇ ಬೆಳೆದು ಸೆಂಟ್ರಲ್ ಕಾಲೇಜಾಯಿತು.

ಪ್ರಶ್ನೆ: ನಾನು ಆರ್ಕಿಟೆಕ್ಚರ್ ಎರಡನೇ ವರ್ಷದ ವಿದ್ಯಾರ್ಥಿನಿ. ಗಾಥಿಕ್, ಕ್ಲಾಸಿಕಲ್ ಅಂತ ಕ್ಲಾಸಿನಲ್ಲಿ ಹೇಳುತ್ತಾರೆ, ಫೋಟೋ ಎಲ್ಲಾ ಯೂರೋಪಿನದು. ನಮ್ಮ ಊರಿನ ಚರ್ಚು ನೋಡಿ ಇದು ಯಾವುದು ಅಂತ ಹೇಗೆ ಗುರುತಿಸೋದು?
(ಮಲ್ಲೇಶ್ವರದಿಂದ)

ಉತ್ತರ: ಮೊದಲು ಕಿಟಕಿ ನೋಡಮ್ಮ. ಬೇರೆ ಏನೂ ನೋಡಬೇಡ.

ಕಿಟಕಿಯ ಮೇಲಿನ ಕಮಾನು ದುಂಡಗಿದ್ದರೆ, ಮುಂದೆ ಸಾಲು ಕಂಬ, ಮೇಲೆ ತ್ರಿಕೋನದ ಹಣೆ ಅಥವಾ ಗುಮ್ಮಟ ಇದ್ದರೆ, ಅದು ರೋಮ್, ಗ್ರೀಸ್ ಕಡೆಯ ಮಾದರಿ. ಕ್ಲಾಸಿಕಲ್ ಅಂತಾರಲ್ಲ, ಅದು. ಕಮಾನು ಮೇಲೆ ಚೂಪಾಗಿ ಕೂಡಿಕೊಂಡಿದ್ದರೆ ಗಾಥಿಕ್. ಎರಡು ಕೈ ಮುಗಿದಾಗ ಬೆರಳ ತುದಿ ಕೂಡುವ ಹಾಗೆ ಇರುತ್ತದೆ.

ಆ ಚೂಪಿಗೆ ಒಂದು ಕಾರಣ ಇದೆ. ದುಂಡು ಕಮಾನಿನ ಎತ್ತರ ಅದರ ಅಗಲಕ್ಕೆ ಕಟ್ಟುಬಿದ್ದಿರುತ್ತದೆ. ಹತ್ತು ಅಡಿ ಅಗಲದ ಬಾಗಿಲಿಗೆ ಐದು ಅಡಿ ಎತ್ತರದ ಅರ್ಧವೃತ್ತ, ಅಷ್ಟೇ. ಚೂಪು ಕಮಾನಿಗೆ ಆ ಹಂಗಿಲ್ಲ, ಅಗಲ ಅಷ್ಟೇ ಇಟ್ಟುಕೊಂಡು ಎಷ್ಟು ಬೇಕಾದರೂ ಎತ್ತರಿಸಬಹುದು. ಇನ್ನೊಂದು ಲಾಭವೂ ಉಂಟು. ಕಮಾನು ಯಾವಾಗಲೂ ಪಕ್ಕದ ಗೋಡೆಯನ್ನು ಆಚೆಗೆ ತಳ್ಳುತ್ತಿರುತ್ತದೆ. ಚೂಪಾದಷ್ಟೂ ಭಾರ ನೆಟ್ಟಗೆ ಕೆಳಕ್ಕೆ ಇಳಿಯುತ್ತದೆ, ಆಚೆ ತಳ್ಳುವುದು ಕಮ್ಮಿಯಾಗುತ್ತದೆ. ಉಳಿದ ತಳ್ಳಾಟಕ್ಕೆ ಹೊರಗಡೆಯಿಂದ ಗೋಡೆಗೆ ಒತ್ತುಕೊಟ್ಟು ಕಲ್ಲಿನ ಕಂಬ ನಿಲ್ಲಿಸುತ್ತಾರೆ, ಬಟ್ರೆಸ್ ಅಂತ ನಿಮ್ಮ ಕ್ಲಾಸಿನಲ್ಲಿ ಹೇಳಿರುತ್ತಾರೆ. ವಾಲಿದ ಬೇಲಿಗೆ ನಮ್ಮ ಕಡೆ ಗೂಟ ಆನಿಸುವುದಿಲ್ಲವಾ, ಅದೇ ಲೆಕ್ಕ.

ಆದರೆ ಒಂದು ಮಾತು ನೆನಪಿಟ್ಟುಕೋ. ಬೆಂಗಳೂರಿನಲ್ಲಿ ಗಾಥಿಕ್ ಬರುವ ಹೊತ್ತಿಗೆ ಯೂರೋಪಿನಲ್ಲಿ ಆ ಶೈಲಿ ಹುಟ್ಟಿ ಏಳುನೂರು ವರ್ಷ ಆಗಿತ್ತು. ಇಲ್ಲಿ ಅದನ್ನು ಆರಿಸಿಕೊಂಡದ್ದು ಕಲ್ಲಿನ ಚಾವಣಿ ಹೊರಿಸುವುದಕ್ಕಲ್ಲ, ಚರ್ಚು ಅಂದರೆ ಹೀಗೇ ಇರಬೇಕು ಅನ್ನುವ ಆ ಕಾಲದ ಇಂಗ್ಲಿಷ್ ಮನಸ್ಸಿಗೆ. ಅದು ನಮ್ಮ ಊರಿನ ಚರ್ಚುಗಳ ವರ್ಷ ನೋಡಿದರೂ ತಿಳಿಯುತ್ತದೆ. 1812ರ ಸೇಂಟ್ ಮಾರ್ಕ್ಸ್, 1851ರ ಹೋಲಿ ಟ್ರಿನಿಟಿ ಎರಡೂ ಹಳೇ ಕ್ಲಾಸಿಕಲ್ ಮನಸ್ಸಿನವು. 1866ರಲ್ಲಿ ಕಬ್ಬನ್ ರೋಡಿನಲ್ಲಿ ಸೇಂಟ್ ಆಂಡ್ರೂಸ್ ತೆರೆಯುವ ಹೊತ್ತಿಗೆ ಗಾಳಿ ತಿರುಗಿತ್ತು. ಅದು ಸ್ಕಾಟ್ಲೆಂಡಿನವರ ಗಾಥಿಕ್ ಚರ್ಚು, ಕೆಂಪು ಬಣ್ಣ, ಗಡಿಯಾರದ ಗೋಪುರ. 1870ರಲ್ಲಿ ರಿಚ್ಮಂಡ್ ಟೌನ್ ಕಡೆ ಆಲ್ ಸೇಂಟ್ಸ್ ಬಂತು. ಮದ್ರಾಸಿನ ಎಷ್ಟೋ ಸರ್ಕಾರಿ ಕಟ್ಟಡಗಳನ್ನು ರೂಪಿಸಿದ ರಾಬರ್ಟ್ ಚಿಸಮ್ ಅವರ ಕೈಯದು, ಹಳ್ಳಿಯ ಚರ್ಚಿನಂಥ ಪುಟ್ಟ ಗಾಥಿಕ್. 1904ರ ಹಡ್ಸನ್ ಅದೇ ಸಾಲಿಗೆ ಸೇರುತ್ತದೆ. ಅವೆನ್ಯೂ ರೋಡಿನ ರೈಸ್ ಚರ್ಚು ಮಾತ್ರ ಈ ಲೆಕ್ಕಕ್ಕೆ ಸಿಗುವುದಿಲ್ಲ. 1917ರಲ್ಲಿ ತೆರೆದರೂ ಅದರ ಮುಖ ಕ್ಲಾಸಿಕಲ್. ಲೆಕ್ಕಕ್ಕೆ ಸಿಗದ ಕಟ್ಟಡ ಒಂದು ಇದ್ದರೆ ಒಳ್ಳೆಯದೇ, ಅದರ ಬಗ್ಗೆ ಪ್ರಬಂಧ ಬರೆಯಬಹುದು.

ಒಂದು ಭಾನುವಾರ ಸಂಜೆ ಮೆಟ್ರೋದಲ್ಲಿ ಟ್ರಿನಿಟಿ ಸ್ಟೇಷನ್ನಿಗೆ ಹೋಗಿ ಇಳಿ. ಅಲ್ಲಿಂದ ಎಂ.ಜಿ. ರೋಡಿನ ಉದ್ದಕ್ಕೂ ನಡೆ. ಹಳೇ ಸೌತ್ ಪೆರೇಡ್ ಅದು. ಈ ತುದಿಗೆ ಟ್ರಿನಿಟಿ, ಆ ತುದಿಗೆ ಸೇಂಟ್ ಮಾರ್ಕ್ಸ್. ಕ್ಯಾಮೆರಾಗಿಂತ ಪೆನ್ಸಿಲ್ಲು, ಹಾಳೆ ಇಟ್ಟುಕೋ. ಕಿಟಕಿಯನ್ನು ಕೈಯಲ್ಲಿ ಬರೆದರೆ ಕಮಾನು ಎಲ್ಲಿ ಶುರುವಾಗುತ್ತದೆ ಅಂತ ಬೆರಳಿಗೆ ಗೊತ್ತಾಗುತ್ತದೆ.

ಪ್ರಶ್ನೆ: ಸೇಂಟ್ ಮಾರ್ಕ್ಸ್ ಚರ್ಚು ಲಂಡನ್ನಿನ ಸೇಂಟ್ ಪಾಲ್ಸ್ ಕೆಥೆಡ್ರಲ್ಲಿನ ನಕಲು ಅಂತ ನಮ್ಮ ಗೈಡ್ ಹೇಳಿದ. ನಿಜವಾ?
(ದಾವಣಗೆರೆಯಿಂದ)

ಉತ್ತರ: ಹಾಗಂತ ಎಲ್ಲ ಕಡೆ ಬರೆದಿರುತ್ತಾರೆ. ಗುಮ್ಮಟ, ದುಂಡು ಕಮಾನು ನೋಡಿದರೆ ಆ ನೆನಪು ಬರುವುದು ಸಹಜ. ಆದರೆ ನಕಲು ಅನ್ನುವ ಮಾತು ನನಗೆ ಒಪ್ಪಿಗೆಯಾಗುವುದಿಲ್ಲ. ಅದು 1808ರಲ್ಲಿ ಶುರುವಾಗಿ 1812ರಲ್ಲಿ ಮುಗಿದ ಸಿಪಾಯಿಗಳ ಚರ್ಚು. 1816ರಲ್ಲಿ ಕಲ್ಕತ್ತಾದ ಬಿಷಪ್ ಬಂದು ಪ್ರತಿಷ್ಠೆ ಮಾಡಿದರು. ನೂರು ವರ್ಷ ಆಗುವ ಹೊತ್ತಿಗೆ ಜಾಗ ಸಾಲದೆ ದೊಡ್ಡದು ಮಾಡಿದರು. 1923ರಲ್ಲಿ ಬೆಂಕಿ ಬಿತ್ತು. ಮತ್ತೆ ಸರಿಮಾಡಿ ತೆರೆದದ್ದು 1927ರಲ್ಲಿ. ಈಗ ನೀವು ನೋಡಿದ್ದು ಹೀಗೆ ಮೂರು ಕಾಲದ ಕೆಲಸ ಒಂದರ ಮೇಲೆ ಒಂದು ಕೂತ ಕಟ್ಟಡ. ಬೆಂಕಿಯಿಂದ ಎದ್ದ ಕಥೆಯನ್ನು ಬಿಟ್ಟು ಬರೀ ಲಂಡನ್ನಿನ ಹೆಸರು ಹೇಳಿದರೆ ಆ ಚರ್ಚಿಗೆ ಅನ್ಯಾಯ, ಅಲ್ವಾ?

ಪ್ರಶ್ನೆ: ಅವೆನ್ಯೂ ರೋಡಿನಲ್ಲಿ ಹಳೇ ಪುಸ್ತಕ ಕೊಳ್ಳುವುದಕ್ಕೆ ಮೂವತ್ತು ವರ್ಷದಿಂದ ಹೋಗುತ್ತಿದ್ದೇನೆ. ರೈಸ್ ಮೆಮೋರಿಯಲ್ ಚರ್ಚು ಅನ್ನುವ ಬೋರ್ಡು ನೋಡಿದ್ದೇನೆ. ಶಾಸನಗಳ ರೈಸ್ ಅವರದ್ದೇ ಅಂದುಕೊಂಡಿದ್ದೇನೆ. ಸರಿ ತಾನೆ?
(ಬಸವನಗುಡಿಯಿಂದ)

ಉತ್ತರ: ಅರ್ಧ ಸರಿ. ಶಾಸನಗಳ ರೈಸ್ ಅಂದರೆ ಬಿ.ಎಲ್. ರೈಸ್, ಮಗ. ಚರ್ಚು ಇರುವುದು ಅಪ್ಪನ ಹೆಸರಿನಲ್ಲಿ.

ಅಪ್ಪ ಬೆಂಜಮಿನ್ ರೈಸ್ ಲಂಡನ್ ಮಿಷನ್ನಿನ ಪಾದ್ರಿ. ಬೆಂಗಳೂರಿಗೆ ಬಂದದ್ದು 1837ರಲ್ಲಿ. ತೀರಿಕೊಂಡದ್ದು 1887ರಲ್ಲಿ, ಇದೇ ಊರಿನಲ್ಲಿ. ಐವತ್ತು ವರ್ಷ! ಕನ್ನಡದಲ್ಲಿ ಪ್ರಸಂಗ, ಅಂದರೆ ಧರ್ಮೋಪದೇಶ ಮಾಡಿದರು, ಶಾಲೆ ನಡೆಸಿದರು, ಕನ್ನಡ ಬೈಬಲ್ಲನ್ನು ತಿದ್ದುವ ಕೆಲಸದಲ್ಲಿ ಕೂತರು. ಇಡೀ ಬೈಬಲ್ ಕನ್ನಡದಲ್ಲಿ ಮೊದಲು ಅಚ್ಚಾಗಿ ಮುಗಿದದ್ದು 1831ರ ಹೊತ್ತಿಗೆ, ಬಳ್ಳಾರಿಯಲ್ಲಿದ್ದ ಜಾನ್ ಹ್ಯಾಂಡ್ಸ್ ಮತ್ತು ಜೊತೆಯವರ ದುಡಿಮೆಯಿಂದ. ಮೊದಲ ಅನುವಾದ ಅಂದಮೇಲೆ ಒರಟು ಇದ್ದೇ ಇರುತ್ತದೆ. ಅದನ್ನು ಮುಂದಿನ ತಲೆಮಾರಿನವರು ಕೂತು ಕೂತು ತಿದ್ದಿದರು.

ಮಗ ಬೆಂಜಮಿನ್ ಲೂಯಿ ರೈಸ್ ಹುಟ್ಟಿದ್ದು 1837ರಲ್ಲಿ, ಬೆಂಗಳೂರಿನಲ್ಲೇ. ಅಂದರೆ ಪೇಟೆಯ ಕನ್ನಡ ಕಿವಿಗೆ ಬೀಳುತ್ತಲೇ ಬೆಳೆದ ಹುಡುಗ. ದೊಡ್ಡವನಾಗಿ ಮೈಸೂರು ಸಂಸ್ಥಾನದ ಊರೂರು ತಿರುಗಿ ಸುಮಾರು ಒಂಬತ್ತು ಸಾವಿರ ಶಾಸನ ಓದಿಸಿ, ಎಪಿಗ್ರಾಫಿಯ ಕರ್ನಾಟಿಕದ ಹನ್ನೆರಡು ಸಂಪುಟ ತಂದದ್ದು ನಿಮಗೆ ಗೊತ್ತೇ ಇದೆ. ಅಪ್ಪನ ಆ ಐವತ್ತು ವರ್ಷ ಇಲ್ಲದಿದ್ದರೆ ಮಗನಿಗೆ ಕನ್ನಡ ಹೀಗೆ ಒಗ್ಗುತ್ತಿರಲಿಲ್ಲ ಅಂತ ನನಗನ್ನಿಸುತ್ತದೆ.

ಆ ಜಾಗದಲ್ಲಿ ಮೊದಲು ಒಂದು ಹಳೇ ಕನ್ನಡ ಚಾಪೆಲ್ ಇತ್ತು. ಅದು ಹೋದ ಮೇಲೆ ಈಗಿನ ಕಟ್ಟಡ ಬಂತು. ಮುಂದಿನ ಸಲ ಪುಸ್ತಕಕ್ಕೆ ಹೋದಾಗ ಹೆಗಲ ಮೇಲೆ ಮೂಟೆ ಹೊತ್ತವರಿಗೆ ದಾರಿ ಬಿಟ್ಟು, ಅಂಗಡಿಯ ಎದುರು ಸಾಲಿನಲ್ಲಿ ನಿಂತು ತಲೆ ಎತ್ತಿ ನೋಡಿ. ಆ ಇಕ್ಕಟ್ಟಿನಲ್ಲಿ ತಲೆ ಎತ್ತುವುದೇ ಕಷ್ಟ. ನಾನೂ ಎಷ್ಟೋ ವರ್ಷ ಎತ್ತಿರಲಿಲ್ಲ.

ಪ್ರಶ್ನೆ: ನಾವು ಕ್ಯಾಥೊಲಿಕರು. ನೆಂಟರ ಮದುವೆಗೆ ಮೊದಲ ಸಲ ಸಿ.ಎಸ್.ಐ. ಚರ್ಚಿನ ಒಳಗೆ ಹೋದೆ. ಒಂದೂ ಪ್ರತಿಮೆ ಇಲ್ಲ! ಗೋಡೆ ತುಂಬ ಬರೀ ಕಲ್ಲಿನ ಹಲಗೆ. ಇದು ಯಾಕೆ ಹೀಗೆ?
(ಶಿವಾಜಿನಗರದಿಂದ)

ಉತ್ತರ: ನಂಬಿಕೆ ಹೇಗೋ ಕಟ್ಟಡ ಹಾಗೆ. ಪ್ರಾಟೆಸ್ಟೆಂಟರಿಗೆ ವಾಕ್ಯ ಮುಖ್ಯ. ಓದಬೇಕು, ಕೇಳಬೇಕು, ಹಾಡಬೇಕು. ಹಾಗಾಗಿ ಕಣ್ಣಿಗಿಂತ ಕಿವಿಗೆ ಕಟ್ಟಿದ ಮನೆ ಅದು. ವೆಸ್ಲಿಯನ್, ಲಂಡನ್ ಮಿಷನ್ ಕಡೆಯವರಿಗೆ ಪ್ರಸಂಗ ಪೀಠವೇ ಮುಖ್ಯ, ಅಲ್ಲಿಂದ ಆಡಿದ ಮಾತು ಕೊನೆಯ ಬೆಂಚಿಗೂ ಮುಟ್ಟಬೇಕು. ಸ್ಕಾಟ್ಲೆಂಡಿನವರೂ ಹಾಗೇ. ಇಂಗ್ಲೆಂಡ್ ಸಭೆಯವರಾದ ಆಂಗ್ಲಿಕನ್ನರು ಇದಕ್ಕೂ ನಿಮಗೂ ನಡುವೆ ಇದ್ದಾರೆ. ಅವರ ಚರ್ಚಿನಲ್ಲಿ ನೋಟ ಹೋಗಿ ನಿಲ್ಲುವುದು ಮುಂದಿನ ಆಲ್ಟರಿನ ಮೇಲೆ, ಅದನ್ನು ಇಟ್ಟಿರುವ ಜಾಗವನ್ನೇ ಬೇರೆ ಮಾಡಿ ಕಟ್ಟಿರುತ್ತಾರೆ. 1947ರ ಸೆಪ್ಟೆಂಬರ್ 27ರಂದು ಮದ್ರಾಸಿನಲ್ಲಿ ಈ ಎಲ್ಲರೂ ಸೇರಿ ದಕ್ಷಿಣ ಭಾರತ ಸಭೆಯಾದರು. ಸಿ.ಎಸ್.ಐ. ಅಂದರೆ ಅದೇ. ಆಡಳಿತ ಒಂದಾಯಿತು, ಕಟ್ಟಡಗಳು ಮಾತ್ರ ತಮ್ಮ ಹಳೇ ಮನೆತನದ ಚಹರೆ ಉಳಿಸಿಕೊಂಡಿವೆ. ಯಾವ ಚರ್ಚು ಮೊದಲು ಯಾರದಾಗಿತ್ತು ಅಂತ ಒಳಗೆ ಕೂತರೆ ಈಗಲೂ ಊಹಿಸಬಹುದು.

ಕಲ್ಲಿನ ಹಲಗೆಗಳು ನೆನಪಿನವು. ದಂಡಿನ ಚರ್ಚುಗಳಲ್ಲಿ ಅವು ಜಾಸ್ತಿ. ಟ್ರಿನಿಟಿಯಲ್ಲಿ ಜನರಲ್ ಕ್ಲೆಮೆಂಟ್ ಹಿಲ್ ಅನ್ನುವ ಸೇನಾಧಿಕಾರಿಯ ಸ್ಮಾರಕ ಇದೆ. ನಮ್ಮ ಜೋಗದ ಕಡೆ ಹೋಗಿದ್ದಾಗ 1845ರಲ್ಲಿ ತೀರಿಕೊಂಡವರು. ಆದರೆ ನನ್ನ ಮನಸ್ಸು ನಿಲ್ಲುವುದು ಸಣ್ಣ ಹಲಗೆಗಳ ಮುಂದೆ. ಯುದ್ಧದಲ್ಲಿ ಅಲ್ಲ, ಜ್ವರದಲ್ಲಿ, ವಾಂತಿ ಭೇದಿಯಲ್ಲಿ ಹೋದ ಚಿಕ್ಕ ವಯಸ್ಸಿನವರು. ಅವರ ಅಮ್ಮಂದಿರಿಗೆ ಕಾಗದ ತಲುಪುವುದಕ್ಕೆ ತಿಂಗಳುಗಟ್ಟಲೆ ಹಿಡಿಯುತ್ತಿತ್ತು. ಅದನ್ನು ಓದುವಾಗ ಅವರು ಯಾವ ದೇಶದವರು ಅನ್ನುವುದು ನೆನಪಿಗೆ ಬರುವುದಿಲ್ಲ.

ಪ್ರಶ್ನೆ: ಕನ್ನಡ ಚರ್ಚುಗಳ ಬೋರ್ಡಿನಲ್ಲಿ "ದೇವಾಲಯ" ಅಂತ ಬರೆದಿರುತ್ತಾರೆ. ಯಾಕೆ?
(ಕೋಲಾರದಿಂದ)

ಉತ್ತರ: ಅದು ಅವರ ಕನ್ನಡ. ದೇವರ ಮನೆಗೆ ದೇವಾಲಯ ಅನ್ನದೆ ಇನ್ನೇನು ಅನ್ನುವುದು? ಕನ್ನಡ ಪ್ರಾಟೆಸ್ಟೆಂಟರ ಮಾತಿನಲ್ಲಿ ಚರ್ಚಿನ ಜನ ಅಂದರೆ ಸಭೆ, ಪಾಸ್ಟರ್ ಅಂದರೆ ಸಭಾಪಾಲಕರು, ಎದುರಿಗೆ ಸಿಕ್ಕಾಗ ಅಯ್ಯನವರು. ಕೊಯ್ಲಿನ ಕೃತಜ್ಞತೆಯ ದಿನಕ್ಕೆ ಸುಗ್ಗಿ ಹಬ್ಬ. ಆ ದಿನ ಕುಂಬಳಕಾಯಿ, ಕಬ್ಬು, ಕೋಳಿ ಎಲ್ಲ ತಂದು ಒಪ್ಪಿಸಿ ಆಮೇಲೆ ಹರಾಜು ಹಾಕುತ್ತಾರೆ. ಒಮ್ಮೆ ಹೋಗಿ ನೋಡಿ. ಒಂದು ನಿಂಬೆಹಣ್ಣಿಗೆ ಇಬ್ಬರು ಹಟ ಹಿಡಿದು ನೂರಾರು ರೂಪಾಯಿ ಕೂಗುವುದು ನೋಡುವುದಕ್ಕೇ ಚೆನ್ನ.

ಪ್ರಶ್ನೆ: ಬೇರೆ ಧರ್ಮದವರು ಒಳಗೆ ಹೋಗಬಹುದಾ?
(ಮೈಸೂರಿನಿಂದ)

ಉತ್ತರ: ಧಾರಾಳವಾಗಿ. ಆರಾಧನೆಯ ಹೊತ್ತಿನಲ್ಲಿ ಓಡಾಡಬೇಡಿ, ಫೋಟೋ ಬೇಡ, ಹಿಂದಿನ ಬೆಂಚಿನಲ್ಲಿ ಸುಮ್ನೆ ಕೂತುಕೊಳ್ಳಿ. ಬೇರೆ ಹೊತ್ತಿನಲ್ಲಿ ಹೋದರೆ ಮೊದಲು ಅಲ್ಲಿ ಇರುವವರನ್ನು ಒಂದು ಮಾತು ಕೇಳಿ. ಸೇಂಟ್ ಆಂಡ್ರೂಸ್‌ಗೆ ಹೋದರೆ ಅಲ್ಲಿನ ಪೈಪ್ ಆರ್ಗನ್ ನೋಡುವುದನ್ನು ಮರೆಯಬೇಡಿ. 1881ರದು, ಇಂಗ್ಲೆಂಡಿನಿಂದ ಹಡಗಿನಲ್ಲಿ ಬಂದದ್ದು. ನುಡಿಸುವಾಗ ಕೇಳುವ ಭಾಗ್ಯ ಸಿಕ್ಕರೆ ಇನ್ನೂ ಒಳ್ಳೆಯದು, ಕೆಳಗಿನ ಸ್ವರಗಳು ಬೆಂಚಿನ ಮರದಲ್ಲಿ ನಡುಗುತ್ತವೆ.

ಪ್ರಶ್ನೆ: ಸಾರ್, ನಾನು ನಮ್ಮ ಸಭೆಯ ಕಮಿಟಿಯಲ್ಲಿದ್ದೇನೆ. ನಮ್ಮದು ನೂರು ವರ್ಷ ದಾಟಿದ ಸಣ್ಣ ಚರ್ಚು, ಕಲ್ಲು ಇಟ್ಟಿಗೆ ಸುಣ್ಣದ ಗೋಡೆ. ಕೆಳಗಡೆ ಮೂರು ಅಡಿ ತೇವ ಹಿಡಿದು ಗಾರೆ ಉದುರುತ್ತಿದೆ. ಮೇಸ್ತ್ರಿ ಎಲ್ಲಾ ಕೆರೆದು ಸಿಮೆಂಟ್ ಪ್ಲಾಸ್ಟರ್ ಹೊಡೆದು ಆಯಿಲ್ ಪೇಂಟ್ ಬಳಿದರೆ ಐವತ್ತು ವರ್ಷ ನೋಡಬೇಕಿಲ್ಲ ಅನ್ನುತ್ತಾನೆ. ಮುಂದಿನ ತಿಂಗಳು ಕೆಲಸ ಶುರು. ಏನಂತೀರಿ?
(ಬೆಂಗಳೂರು ಗ್ರಾಮಾಂತರದ ಓದುಗರು)

ಉತ್ತರ: ದಯವಿಟ್ಟು ಬೇಡ. ಈ ತಿಂಗಳ ಪತ್ರಗಳಲ್ಲಿ ನನಗೆ ನಿದ್ದೆ ಕೆಡಿಸಿದ್ದು ನಿಮ್ಮದು.

ಹಳೇ ಗೋಡೆ ಉಸಿರಾಡುತ್ತದೆ. ನೆಲದಿಂದ ತೇವ ಮೇಲೇರುವುದು ಇದ್ದದ್ದೇ, ಯಾಕಂದರೆ ಆಗಿನವರು ಪಾಯದಲ್ಲಿ ನೀರು ತಡೆಯುವ ಪದರ ಹಾಕುತ್ತಿರಲಿಲ್ಲ. ಹಾಗೆ ಏರಿದ ತೇವ ಸುಣ್ಣದ ಗಾರೆಯ ಮೂಲಕ ಹೊರಗೆ ಆರಿ ಹೋಗುತ್ತಿತ್ತು. ಸಿಮೆಂಟು ಗಟ್ಟಿ, ಅದರಲ್ಲಿ ತೇವ ಸುಲಭವಾಗಿ ಆಚೆ ಬರುವುದಿಲ್ಲ. ಅದರ ಮೇಲೆ ಆಯಿಲ್ ಪೇಂಟ್ ಬಳಿದರೆ ಪ್ಲಾಸ್ಟಿಕ್ ಹೊದಿಸಿದ ಹಾಗೆ. ಒಳಗೆ ಸಿಕ್ಕಿಬಿದ್ದ ನೀರು ಮೂರು ಅಡಿ ಇದ್ದದ್ದು ಐದು ಅಡಿ ಏರುತ್ತದೆ. ಜೊತೆಗೆ ಉಪ್ಪು ತರುತ್ತದೆ. ಉಪ್ಪು ಹರಳುಗಟ್ಟಿ ಇಟ್ಟಿಗೆಯನ್ನು ಒಳಗಿನಿಂದ ಒಡೆಯುತ್ತದೆ.

ನಾನು ಕಣ್ಣಾರೆ ಕಂಡಿದ್ದೇನೆ. ಒಂದು ಹಳ್ಳಿಯ ಚರ್ಚು, ಹೆಸರು ಬೇಡ. ನಾಲ್ಕು ವರ್ಷದ ಹಿಂದೆ ಹೀಗೇ ಸಿಮೆಂಟ್ ಹೊಡೆಸಿದ್ದರು. ನೋಡುವುದಕ್ಕೆ ಗೋಡೆ ನುಣ್ಣಗಿತ್ತು, ತಿಳಿ ಹಸಿರು ಬಣ್ಣ. ಅಲ್ಲಿನ ಹಿರಿಯರೊಬ್ಬರು ಬೆರಳ ಗೆಣ್ಣಿನಿಂದ ಗೋಡೆ ತಟ್ಟಿ ತೋರಿಸಿದರು. ಡಬ್ಬಿ ತಟ್ಟಿದ ಸದ್ದು. ಮೂಲೆಯಲ್ಲಿ ಬಿರುಕು ಬಿಟ್ಟ ಒಂದು ಚೂರನ್ನು ಎಳೆದರೆ ಮೊರದಗಲದ ಸಿಮೆಂಟ್ ಹಲ್ಲೆ ಇಡಿಯಾಗಿ ಕೈಗೆ ಬಂತು. ಹಿಂದೆ ಇದ್ದ ಇಟ್ಟಿಗೆಯನ್ನು ಉಗುರಿನಲ್ಲಿ ಕೆರೆದೆ, ಕುಂಕುಮದ ಹಾಗೆ ಪುಡಿ ಉದುರಿತು. ನೂರು ವರ್ಷ ಗಟ್ಟಿಯಾಗಿದ್ದ ಇಟ್ಟಿಗೆ ನಾಲ್ಕು ವರ್ಷದಲ್ಲಿ ಹಾಗಾಗಿತ್ತು. ಆ ಹಿರಿಯರು ಮಾತಾಡಲಿಲ್ಲ, ಹಲ್ಲೆಯನ್ನು ಗೋಡೆಗೆ ಒರಗಿಸಿಟ್ಟು ಕೈ ಒರೆಸಿಕೊಂಡರು.

ಹಾಗಾದರೆ ಏನು ಮಾಡಬೇಕು? ಮೊದಲು ಗೋಡೆ ಬಿಟ್ಟು ನೀರು ನೋಡಿ. ಸೂರಿನ ನೀರು ಎಲ್ಲಿ ಬೀಳುತ್ತಿದೆ? ಗೋಡೆಯ ಬುಡಕ್ಕೇ ಬೀಳುತ್ತಿದ್ದರೆ ಅರ್ಧ ಕಾಯಿಲೆ ಅದೇ. ಸೂರಿನ ನೀರು ಹರಿಯುವ ದೋಣಿ ಸರಿಮಾಡಿಸಿ, ಹೊರಗಡೆ ನೆಲ ಗೋಡೆಯಿಂದ ಆಚೆಗೆ ಇಳಿಜಾರಾಗಲಿ. ವರ್ಷ ವರ್ಷ ಮಣ್ಣು ತುಂಬಿ ಅಂಗಳ ಎತ್ತರವಾಗಿ ಗೋಡೆಯನ್ನು ಮುಟ್ಟಿದ್ದರೆ ತೆಗೆಸಿ. ಇತ್ತೀಚೆಗೆ ಸುತ್ತ ಕಾಂಕ್ರೀಟ್ ಅಥವಾ ಟೈಲ್ಸ್ ಹಾಕಿಸಿದ್ದರೆ ನೆಲದ ತೇವಕ್ಕೆ ಬೇರೆ ದಾರಿ ಇಲ್ಲದೆ ಗೋಡೆಗೆ ಹತ್ತುತ್ತದೆ, ಗೋಡೆಯ ಪಕ್ಕದ ಎರಡು ಅಡಿಯಾದರೂ ಕೀಳಿಸಿ ಜಲ್ಲಿ ತುಂಬಿಸಿ. ಚಾವಣಿಯ ಸಂದಿಯಲ್ಲಿ ಅರಳಿ ಸಸಿ ಇದೆಯಾ ನೋಡಿ. ಬೇರು ಬಲಿತಿದ್ದರೆ ಜೋರಾಗಿ ಕಿತ್ತರೆ ಕಲ್ಲೇ ಬರುತ್ತದೆ, ಜೋಪಾನ.

ಇಷ್ಟು ಮಾಡಿ ಒಂದು ಬೇಸಿಗೆ ಗೋಡೆಯನ್ನು ಆರಲು ಬಿಡಿ. ಆಮೇಲೆ ಸುಣ್ಣದ ಗಾರೆಯಲ್ಲೇ ತೇಪೆ ಹಾಕಿಸಿ. ಸುಣ್ಣವನ್ನು ಚೆನ್ನಾಗಿ ಅರಳಿಸಿ, ದಿನಗಟ್ಟಲೆ ನೆನೆಹಾಕಿ, ಮರಳಿನ ಜೊತೆ ಅರೆಯಬೇಕು. ಮೊದಲೆಲ್ಲ ಇದಕ್ಕೆ ಎತ್ತು ಕಟ್ಟಿದ ಗಾರೆ ಗಾಣ ಇರುತ್ತಿತ್ತು. ಬೆಲ್ಲದ ನೀರು, ಅಳಲೆಕಾಯಿ ನೆನೆಸಿದ ನೀರು ಸೇರಿಸುತ್ತಿದ್ದರು. ಈ ಕೆಲಸ ಬಲ್ಲ ಮೇಸ್ತ್ರಿಗಳು ಕಮ್ಮಿಯಾಗಿದ್ದಾರೆ, ಆದರೆ ಇದ್ದಾರೆ. ಬೆಂಗಳೂರಿನ ಇಂಟಾಕ್ ಶಾಖೆಯವರು ಹಳೇ ಕಟ್ಟಡಗಳ ಕೆಲಸ ಮಾಡುತ್ತಾರೆ, ಅವರನ್ನು ಕೇಳಿ. ಸುಣ್ಣ ನಿಧಾನ. ಬಳಿದ ಮೇಲೂ ಗೋಣಿ ಹೊದಿಸಿ ನೀರು ಚಿಮುಕಿಸುತ್ತಾ ಇರಬೇಕು. ಬಣ್ಣ ಬೇಕೇ ಬೇಕು ಅಂದರೆ ಸುಣ್ಣವನ್ನೇ ಹೊಡೆಸಿ, ಎರಡು ವರ್ಷಕ್ಕೊಮ್ಮೆ ಸಭೆಯ ಹುಡುಗರೇ ಹೊಡೆಯಬಹುದು.

ಚಾವಣಿ ಮದ್ರಾಸ್ ತಾರಸಿ ಇದ್ದರೆ ಅದನ್ನೂ ಮುಟ್ಟಬೇಡಿ. ತಲೆ ಎತ್ತಿ ನೋಡಿದರೆ ತೇಗದ ತೊಲೆಗಳ ಮೇಲೆ ತೆಳು ಇಟ್ಟಿಗೆಗಳನ್ನು ಓರೆಯಾಗಿ, ಅಂಚಿನ ಮೇಲೆ ನಿಲ್ಲಿಸಿ ಜೋಡಿಸಿರುವುದು ಕಾಣುತ್ತದಾ? ಅದೇ. ಸೋರಿದರೆ ಮೇಲಿನ ಸುಣ್ಣದ ಪದರ ಮಾತ್ರ ರಿಪೇರಿ. ಅದರ ಮೇಲೆ ಕಾಂಕ್ರೀಟ್ ಸುರಿದು ಭಾರ ಹೇರಿದರೆ ತೊಲೆ ಬಾಗುತ್ತದೆ.

ಕಮಿಟಿಯಲ್ಲಿ ಒಪ್ಪದವರು ಇರುತ್ತಾರೆ, ಗೊತ್ತು. ಅವರನ್ನು ಕರೆದುಕೊಂಡು ಹೋಗಿ ಗೋಡೆಯನ್ನು ಎರಡು ಕಡೆ ತಟ್ಟಿ ತೋರಿಸಿ, ಹಳೇ ಸುಣ್ಣದ ಜಾಗ ಒಂದು, ಮೊದಲೇ ಯಾರಾದರೂ ಸಿಮೆಂಟ್ ತೇಪೆ ಹಾಕಿದ್ದರೆ ಅದು ಒಂದು. ಮೇಸ್ತ್ರಿಗೆ ಕೊಟ್ಟಿರುವ ಅಡ್ವಾನ್ಸ್ ವಾಪಸ್ ಕೇಳಬೇಡಿ. ಅದೇ ದುಡ್ಡಿಗೆ ದೋಣಿ ಮತ್ತು ಚರಂಡಿಯ ಕೆಲಸ ಮಾಡಿಸಿ, ಮಳೆಗಾಲಕ್ಕೆ ಇನ್ನೂ ಸಮಯ ಇದೆ. ಗೋಡೆಯ ಫೋಟೋ ನಾಲ್ಕು ದಿಕ್ಕಿನಿಂದ ತೆಗೆದು, ತೇವ ಎಷ್ಟು ಎತ್ತರ ಏರಿದೆ ಅಂತ ಸೀಮೆಸುಣ್ಣದಲ್ಲಿ ಗೆರೆ ಎಳೆದು ತಾರೀಖು ಬರೆದು ನನಗೆ ಕಳಿಸಿ. ಮಳೆ ನಿಂತ ಮೇಲೆ ಮತ್ತೊಮ್ಮೆ ಅದೇ ಗೆರೆಯ ಪಕ್ಕ ನೋಡೋಣ.